ಹದಿನಾಲ್ಕನೇ ಜಾಗದ ಉತ್ತರ

೧೯೬೮ ಆಗಸ್ಟ್ ೧೦, ಶನಿವಾರ

ಇವತ್ತು ನನ್ನ ಪ್ರೋಗ್ರಾಂ ಓಡಿತು. ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿ, ಅದನ್ನು ತೂತುಗಳಾಗಿ ಕೊರೆದ ಕಾರ್ಡುಗಳ ಡಬ್ಬಿಯನ್ನು ಬೆಂಗಳೂರಿನವರೆಗೂ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದೆ. ಒಂದು ಕಾರ್ಡು ಹಿಂದುಮುಂದಾದರೂ ಎಲ್ಲ ಕೆಡುತ್ತದೆ. ಅಲ್ಲಿನ ಕಂಪ್ಯೂಟರ್ ಯಂತ್ರದ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ಒಂದು ಗಂಟೆ ನಮ್ಮ ಗಣಿಯ ಕೆಲಸಕ್ಕೆಂದು ಬಿಟ್ಟಿದ್ದಾರೆ. ಹಿಂದಿನ ಮೂರು ಶನಿವಾರ ತಪ್ಪುಗಳ ಪಟ್ಟಿ ಹಿಡಿದುಕೊಂಡು ಮುಖ ಸಣ್ಣದು ಮಾಡಿಕೊಂಡು ಬಂದಿದ್ದೆ. ಇವತ್ತು ನಾಲ್ಕೇ ನಿಮಿಷದಲ್ಲಿ ಗಣಿಯ ಮೂವತ್ತೊಂದು ಜಾಗಗಳ ಅಂಕಿಗಳು ಅಚ್ಚಾಗಿ ಬಂದವು. ಆಫೀಸಿನಲ್ಲಿ ನಾವು ಮೂವರು ಹಿಡಿ ತಿರುಗಿಸುವ ಲೆಕ್ಕದ ಯಂತ್ರ ಇಟ್ಟುಕೊಂಡು ಇದೇ ಲೆಕ್ಕಕ್ಕೆ ಐದು ದಿನ ತೆಗೆದುಕೊಳ್ಳುತ್ತಿದ್ದೆವು.

ಯಂತ್ರ ನೋಡಿಕೊಳ್ಳುವ ಕೋದಂಡಪ್ಪನವರು ನಮ್ಮ ಕಡೆಯವರೇ, ಕ್ಯಾಸಂಬಳ್ಳಿಯವರು. ಪ್ರೋಗ್ರಾಂ ಬರೆದ ನನ್ನ ಹಾಳೆಗಳ ಮೇಲೆ ಬೆರಳಿಟ್ಟು ಓದುತ್ತಾ ಹೋದರು. ಇದರಲ್ಲಿ ಗೋ ಟು ಜಾಸ್ತಿಯಾಯಿತು, ನನ್ನ ಬೆರಳಿಗೇ ದಾರಿ ತಪ್ಪುತ್ತಿದೆ, ಎಂದರು. ಗೋ ಟು ಎಂದು ಬರೆದು ಒಂದು ಸಾಲಿನ ನಂಬರು ಕೊಟ್ಟರೆ ಯಂತ್ರ ನಡುವಿನದನ್ನೆಲ್ಲ ಬಿಟ್ಟು ಆ ಸಾಲಿಗೆ ನೆಗೆಯುತ್ತದೆ. ಹಾಗೆ ನೆಗೆಸಿ ನೆಗೆಸಿಯೇ ನಾನು ಹನ್ನೊಂದು ಕಾರ್ಡು ಉಳಿಸಿದ್ದು. ಅವರಿಗೆ ಅದನ್ನು ಹೇಳಿದೆ. ನಕ್ಕರು. ಹೊಟ್ಟೆಕಿಚ್ಚೂ ಇರಬಹುದು.

ಆಗಸ್ಟ್ ೧೨, ಸೋಮವಾರ

ಅಚ್ಚಾಗಿ ಬಂದ ಪಟ್ಟಿಯನ್ನು ಗಣಿಗೆ ಇಳಿಯುವ ಹಾರ್ಕರ್ ಶಾಫ್ಟಿನ ಬಾಗಿಲ ಬಳಿ ಅಂಟಿಸಿದರು. ಇಂಜಿನಿಯರ್ ಸಭಾಪತಿಯವರು ಎಲ್ಲರೆದುರಿಗೂ ನನ್ನನ್ನು ತೋರಿಸಿ, ಇದು ವೆಂಕಟರತ್ನಮ್ಮನವರ ಕೆಲಸ, ಎಂದರು. ಲೆಕ್ಕದ ಎಂ.ಎ. ಮಾಡಿದ ಹುಡುಗಿಗೆ ಗಣಿಯಲ್ಲೇನು ಕೆಲಸ ಎಂದಿದ್ದವರೂ ಅಲ್ಲೇ ನಿಂತಿದ್ದರು. ಡಿಸೆಂಬರಿನಲ್ಲಿ ನನ್ನ ಕೆಲಸ ಕಾಯಂ ಆಗುವುದರಲ್ಲಿ ಅನುಮಾನವಿಲ್ಲವಂತೆ.

ಮನೆಗೆ ಬಂದಾಗ ಅಮ್ಮ ಹಸುವಿಗೆ ಬೂಸ ಕಲಸುತ್ತಿದ್ದಳು. ಆ ಪಟ್ಟಿಯಿಂದ ಆಗುವುದೇನು ಎಂದು ಕೇಳಿದಳು. ಏಳೆಂಟು ಸಾವಿರ ಅಡಿ ಕೆಳಗೆ, ಕಲ್ಲು ತೆಗೆದ ಒಂದೊಂದು ಜಾಗದಲ್ಲೂ ಚಾವಣಿಗೊಂದು ನೆಲಕ್ಕೊಂದು ಮೊಳೆ ಹೊಡೆದಿರುತ್ತಾರೆ. ಎರಡರ ನಡುವಿನ ಅಂತರವನ್ನು ವಾರಕ್ಕೊಮ್ಮೆ ಅಳೆಯುತ್ತಾರೆ. ಅದು ಎಷ್ಟು ಬೇಗ ಕುಗ್ಗುತ್ತಿದೆ ಎನ್ನುವುದರಿಂದ ಬಂಡೆ ಎಷ್ಟು ಒತ್ತುತ್ತಿದೆ ಎಂದು ಗೊತ್ತಾಗುತ್ತದೆ. ನನ್ನ ಪ್ರೋಗ್ರಾಂ ಒಂದೊಂದು ಜಾಗಕ್ಕೂ ಒಂದು ಅಂಕಿ ಕೊಡುತ್ತದೆ. ನಲವತ್ತು ದಾಟಿದರೆ ಪಕ್ಕದಲ್ಲಿ ನಕ್ಷತ್ರದ ಗುರುತು. ಗುರುತು ಬಿದ್ದ ಜಾಗದಿಂದ ಜನರನ್ನು ತೆಗೆದು ಕಲ್ಲಿನ ಆನಿಕೆ ಕಟ್ಟುತ್ತಾರೆ. ಇಷ್ಟನ್ನೂ ಬಿಡಿಸಿ ಹೇಳಿದೆ.

“ಅಂದ್ರೆ ನೀನು ಏಳಿದ್ಮೇಲೆ ಅವ್ರು ಒಳಕ್ಕೋಗೋದಾ?” ಎಂದಳು.

ನಾನಲ್ಲ, ಯಂತ್ರ, ಎಂದೆ.

ಸೆಪ್ಟೆಂಬರ್ ೧೩, ಶುಕ್ರವಾರ

ಒಂದು ತಿಂಗಳಾಯಿತು ಬರೆದು. ಎಲ್ಲ ಸರಾಗ. ಕೆಳಗಿಳಿದು ಮೊಳೆಗಳ ಅಂತರ ಅಳೆಯುವ ದೊಡ್ಡವೆಂಕಟಪ್ಪ ಎಂದಿನಂತೆ ಮಧ್ಯಾಹ್ನ ವಾರದ ಚೀಟಿ ತಂದ. ಐವತ್ತು ದಾಟಿದ ಮನುಷ್ಯ, ಮೈಯೆಲ್ಲ ಕಲ್ಲಿನ ಪುಡಿ, ಕಿಟಕಿಯ ಹತ್ತಿರ ನಿಂತರೆ ಬೇಗ ಹೋಗುವುದೇ ಇಲ್ಲ. ಹದಿನಾಲ್ಕನೇ ಜಾಗದ ವಿಷಯ ಏನೋ ಹೇಳಲು ಶುರುಮಾಡಿದ. ನಾಳೆ ಕಾರ್ಡಿಗೆ ಇಳಿಸಬೇಕಾದ ಅಂಕಿಗಳ ಹಾಳೆಗಳು ಇನ್ನೂ ಅರ್ಧವಾಗಿರಲಿಲ್ಲ. “ಚೀಟೀಲಿ ಬರ್ದಿದ್ದೀಯಲ್ಲ, ಸಾಕು ಬಿಡಪ್ಪ” ಎಂದೆ. ಹೋದ.

ಸೆಪ್ಟೆಂಬರ್ ೧೮, ಬುಧವಾರ

ಬೆಳಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಮೊದಲು ಕುರ್ಚಿ ಅಲುಗಾಡಿತು, ಆಮೇಲೆ ಸದ್ದು ಕೇಳಿಸಿತು. ಮೇಜಿನ ಮೇಲಿದ್ದ ಮಸಿ ಕುಡಿಕೆ ಉರುಳಿಬಿತ್ತು. ಇಲ್ಲಿ ಹುಟ್ಟಿ ಬೆಳೆದವರಿಗೆ ಅದೇನೆಂದು ಯಾರೂ ಹೇಳಬೇಕಿಲ್ಲ. ಕೆಳಗೆ ಬಂಡೆ ಸಿಡಿದಿದೆ. ಗಣಿ ಕೆಲಸಗಾರರ ಲೈನು ಮನೆಗಳ ಹೆಂಗಸರು ಒಲೆ ಮೇಲಿದ್ದುದನ್ನು ಹಾಗೇ ಬಿಟ್ಟು ಶಾಫ್ಟಿನ ಕಡೆ ಓಡುವುದು ಕಿಟಕಿಯಿಂದ ಕಾಣಿಸಿತು. ಯಾರೂ ಕೂಗುತ್ತಿರಲಿಲ್ಲ.

ಎರಡು ಗಂಟೆಗೆ ಆಳುಗಳನ್ನು ಇಳಿಸಿ ಏರಿಸುವ ತೊಟ್ಟಿಲು ಮೇಲೆ ಬಂತು. ಸತ್ತವರಿಲ್ಲ. ನಾಲ್ವರಿಗೆ ಸಣ್ಣ ಗಾಯ. ಕದಿರಪ್ಪ ಎಂಬ ಒಬ್ಬನ ಎಡಗಾಲು ಕಲ್ಲಿನ ಕೆಳಗೆ ಸಿಕ್ಕಿ ಜಜ್ಜಿಹೋಗಿದೆಯಂತೆ. ಯಾವ ಜಾಗ ಎಂದು ಕೇಳಿದೆ. ಹದಿನಾಲ್ಕು ಎಂದರು. ಓಡಿಹೋಗಿ ಪಟ್ಟಿ ನೋಡಿದೆ. ಹದಿನಾಲ್ಕು: ೨೨.೬. ಗುರುತಿಲ್ಲ. ಅಲ್ಲಿ ಆಗಬಾರದಿತ್ತು.

ಸೆಪ್ಟೆಂಬರ್ ೨೦, ಶುಕ್ರವಾರ

ಕದಿರಪ್ಪನ ಕಾಲನ್ನು ಮೊಣಕಾಲಿನ ಮೇಲೆಯೇ ಕತ್ತರಿಸಿ ತೆಗೆದರಂತೆ.

ವಿಚಾರಣೆಗೆ ಮೂವರು ಅಧಿಕಾರಿಗಳು ಬಂದಿದ್ದಾರೆ. ಪಟ್ಟಿಯನ್ನು ನೋಡುತ್ತಲೇ ಅವರಿಗೆ ಕಂಡದ್ದು ಒಂದೇ: ಹದಿಮೂರನೇ ಜಾಗಕ್ಕೂ ೨೨.೬, ಹದಿನಾಲ್ಕಕ್ಕೂ ೨೨.೬. ಅಕ್ಕಪಕ್ಕದ ಜಾಗಗಳಾದರೂ ದಶಾಂಶದವರೆಗೆ ಒಂದೇ ಆಗುವುದುಂಟೆ? ದೊಡ್ಡವೆಂಕಟಪ್ಪ ಹದಿನಾಲ್ಕಕ್ಕೆ ಹೋಗದೆ ಹದಿಮೂರರ ಅಳತೆಯನ್ನೇ ಎರಡು ಸಲ ಬರೆದಿದ್ದಾನೆ ಎಂದು ತೀರ್ಮಾನವಾಗಿದೆ. ಅವನು ಇಲ್ಲವೆನ್ನುತ್ತಾನೆ. ಹದಿನಾಲ್ಕನ್ನು ಖಾಲಿ ಬಿಟ್ಟಿದ್ದೆ ಎನ್ನುತ್ತಾನಂತೆ. ಖಾಲಿ ಬಿಟ್ಟಿದ್ದರೆ ಯಂತ್ರಕ್ಕೆ ಅಂಕಿ ಎಲ್ಲಿಂದ ಬರಬೇಕು ಎಂದು ಅವರು ಕೇಳುತ್ತಾರೆ. ಇವತ್ತಿನಿಂದ ಅವನನ್ನು ಕೆಲಸದಿಂದ ನಿಲ್ಲಿಸಿದ್ದಾರೆ.

ನನಗೆ ಕೋಪ ಬಂತು. ನಾನು ತಿಂಗಳುಗಟ್ಟಲೆ ಕೂತು ಮಾಡಿದ್ದನ್ನು ಒಬ್ಬ ಮನುಷ್ಯನ ಸೋಮಾರಿತನ ಕೆಡಿಸಿತಲ್ಲ ಎಂದು.

ಸೆಪ್ಟೆಂಬರ್ ೨೩, ಸೋಮವಾರ

ಆ ವಾರದ ಅಳತೆಯ ಚೀಟಿ ಹುಡುಕಿ ಕೊಡಲು ಸಭಾಪತಿಯವರು ಹೇಳಿದರು. ಕಟ್ಟು ಬಿಚ್ಚಿದರೆ ಮೇಲೆಯೇ ಇತ್ತು. ಹದಿಮೂರರ ಮುಂದೆ ಅಂಕಿ. ಹದಿನೈದರ ಮುಂದೆ ಅಂಕಿ. ನಡುವೆ ಹದಿನಾಲ್ಕರ ಮುಂದೆ ಏನೂ ಇಲ್ಲ.

ಅಂಚಿನಲ್ಲಿ ತೆಲುಗು ಅಕ್ಷರದಲ್ಲಿ ಪುಟ್ಟದಾಗಿ ಎರಡು ಸಾಲು. ನನಗೆ ತೆಲುಗು ಓದಲು ಬರುತ್ತದೆ, ನಿಧಾನ, ಅಷ್ಟೆ. ಅವತ್ತು ಅಷ್ಟು ನಿಧಾನಿಸಲಿಲ್ಲ. ಇವತ್ತು ಓದಿದೆ. ಮೊಳೆ ಬಿದ್ದುಹೋಗಿದೆ. ಬಂಡೆ ಮಾತಾಡುತ್ತಿದೆ.

ಚಾವಣಿಯ ಮೊಳೆ ತಾನಾಗಿ ಬಿದ್ದಿದೆ ಎಂದರೆ ಅಲ್ಲಿನ ಕಲ್ಲೇ ಬಿರಿದಿದೆ ಎಂದರ್ಥ. ಬಂಡೆ ಮಾತಾಡುವುದೆಂದರೆ ಒಳಗೊಳಗೇ ಚಟಚಟ ಬಿರಿಯುವ ಸದ್ದು. ಅದಕ್ಕಿಂತ ಕೆಟ್ಟ ಸೂಚನೆ ಇನ್ನೊಂದಿಲ್ಲ. ಅಂದು ಕಿಟಕಿಯ ಬಳಿ ಹೇಳಲು ಬಂದದ್ದು ಇದೇ. ಖಾಲಿ ಇದ್ದುದನ್ನು ಖಾಲಿಯಾಗಿಯೇ ನನ್ನ ಕೈಯಿಂದಲೇ ಹಾಳೆಗೆ ಇಳಿಸಿದ್ದೇನೆ. ಹಾಗಾದರೆ ೨೨.೬ ಬಂದದ್ದು ಎಲ್ಲಿಂದ?

ಚೀಟಿ ಇನ್ನೂ ಹುಡುಕುತ್ತಿದ್ದೇನೆ ಎಂದು ಸಭಾಪತಿಯವರಿಗೆ ಹೇಳಿಬಿಟ್ಟೆ. ಯಾಕೆ ಹಾಗೆ ಹೇಳಿದೆನೋ.

ಸೆಪ್ಟೆಂಬರ್ ೨೪, ಮಂಗಳವಾರ

ತಪ್ಪು ಸಿಕ್ಕಿತು.

ಆಫೀಸಿಗೆ ರಜೆ ಹಾಕಿ, ಹಿತ್ತಿಲ ಜಗಲಿಯ ಮೇಲೆ ಹಾಳೆಗಳನ್ನೆಲ್ಲ ಹರಡಿಕೊಂಡು, ಪೆನ್ಸಿಲ್ಲಿನಿಂದ ಒಂದೊಂದು ನೆಗೆತಕ್ಕೂ ಗೆರೆ ಎಳೆದೆ. ಮಧ್ಯಾಹ್ನದ ಹೊತ್ತಿಗೆ ಹಾಳೆಯಲ್ಲಿ ಅಕ್ಷರಕ್ಕಿಂತ ಗೆರೆಯೇ ಹೆಚ್ಚಾಗಿತ್ತು. ನಾನೇ ಬರೆದದ್ದು, ನನಗೇ ಎರಡು ಸಲ ದಾರಿ ತಪ್ಪಿತು.

ಜಾಗದ ನಂಬರು ಕೊಟ್ಟರೆ ಲೆಕ್ಕ ಮಾಡಿ ಒಂದು ಉತ್ತರವನ್ನು ವಾಪಸು ತರುವ ತುಂಡಿಗೆ ಫಂಕ್ಷನ್ ಎನ್ನುತ್ತಾರೆ. ವಾಪಸು ಬರುವ ಮೊದಲು ಅದು ಉತ್ತರವನ್ನು ಅದಕ್ಕೆಂದೇ ಇರುವ ಸ್ಥಳದಲ್ಲಿ ಇಡಬೇಕು. ಅಳತೆ ಸೊನ್ನೆಯಾದರೆ ಭಾಗಾಕಾರದಲ್ಲಿ ಯಂತ್ರ ಕೆಟ್ಟು ನಿಲ್ಲುತ್ತದೆಂದು, ಸೊನ್ನೆ ಕಂಡರೆ ತೊಂಬತ್ತನೇ ಸಾಲಿಗೆ ನೆಗೆ ಎಂದು ಬರೆದಿದ್ದೆ. ತೊಂಬತ್ತನೇ ಸಾಲೆಂದರೆ ವಾಪಸು ಹೋಗುವ ಸಾಲು. ಉತ್ತರವಿಡುವ ಸಾಲು ಎಂಬತ್ತೈದರಲ್ಲಿದೆ. ಅದರ ತಲೆಯ ಮೇಲಿಂದ ಹಾರಿಸಿಬಿಟ್ಟಿದ್ದೇನೆ. ಖಾಲಿ ಕಾರ್ಡನ್ನು ಯಂತ್ರ ಸೊನ್ನೆ ಎಂದು ಓದಿತು, ಹಾರಿತು, ಏನನ್ನೂ ಇಡದೆ ವಾಪಸು ಬಂತು. ಆ ಸ್ಥಳದಲ್ಲಿ ಹದಿಮೂರರ ಉತ್ತರ ಹಾಗೇ ಉಳಿದಿತ್ತು. ಅದನ್ನೇ ಹದಿನಾಲ್ಕರದೆಂದು ಅಚ್ಚು ಹಾಕಿತು.

ಖಾಲಿ ಕಾರ್ಡು ಕೊಟ್ಟು ಒಂದು ಸಲವೂ ಪರೀಕ್ಷೆ ಮಾಡಲಿಲ್ಲ. ಎಲ್ಲ ಅಂಕಿಯೂ ತುಂಬಿದ ಕಾರ್ಡುಗಳನ್ನೇ ಕೊಟ್ಟು, ಸರಿ ಬಂತೆಂದು ಹಿಗ್ಗಿದೆ.

ಸೆಪ್ಟೆಂಬರ್ ೨೫, ಬುಧವಾರ

ಬರೆಯಲಾರೆ.

ಸೆಪ್ಟೆಂಬರ್ ೨೭, ಶುಕ್ರವಾರ

ಚೀಟಿ ಸಿಗಲಿಲ್ಲ ಎಂದು ಹೇಳಿದೆ. ಸಭಾಪತಿಯವರು ಹೋಗಲಿ ಎಂದರು. ಅವರ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ.

ಚೀಟಿ ನನ್ನ ಪೆಟ್ಟಿಗೆಯಲ್ಲಿ, ಸೀರೆಗಳ ಕೆಳಗಿದೆ. ಕೆಲಸ ಹೋದರೆ ಅಮ್ಮನಿಗೆ ಏನು ಹೇಳಲಿ? ಅಪ್ಪ ಗಣಿಯಲ್ಲಿ ಮರದ ಆನಿಕೆ ಕಟ್ಟುತ್ತಾ ಎದೆ ಕೆಡಿಸಿಕೊಂಡು ತೀರಿಹೋದ ಮೇಲೆ, ನಾಲ್ಕು ಮನೆಗೆ ಹಾಲು ಹಾಕಿ ಓದಿಸಿದವಳು. ಮುಂದೆ ಇನ್ನೊಬ್ಬ ಹುಡುಗಿ ಬಂದು ಕೆಲಸ ಕೇಳಿದರೆ, ಒಬ್ಬಳನ್ನಿಟ್ಟುಕೊಂಡು ಕಂಡೆವಲ್ಲ ಎನ್ನುವುದಿಲ್ಲವೇ? ಹೀಗೆಲ್ಲ ಯೋಚಿಸಿದೆ. ಯೋಚನೆಗಳು ಸರಿಯಾಗಿಯೇ ಇವೆ. ಎಲ್ಲವೂ ಸುತ್ತಿ ಬಂದು ಆ ಪೆಟ್ಟಿಗೆಯ ಹತ್ತಿರವೇ ನಿಲ್ಲುತ್ತವೆ.

ಸೆಪ್ಟೆಂಬರ್ ೨೮, ಶನಿವಾರ

ಪಟ್ಟಿ ನಿಲ್ಲಿಸಿದ್ದಾರೆ, ಆದರೂ ಬೆಂಗಳೂರಿಗೆ ಹೋದೆ. ಹದಿಮೂರು, ಹದಿನಾಲ್ಕು, ಹದಿನೈದು, ಮೂರೇ ಜಾಗ ಕೊಟ್ಟು, ನಡುವಿನದನ್ನು ಖಾಲಿ ಬಿಟ್ಟು ಓಡಿಸಲು ಕೋದಂಡಪ್ಪನವರನ್ನು ಕೇಳಿದೆ. ಹದಿಮೂರಕ್ಕೂ ೨೨.೬, ಹದಿನಾಲ್ಕಕ್ಕೂ ೨೨.೬ ಎಂದು ಬಂತು. ಅವರು ಕಾಗದವನ್ನು ನೋಡಿದರು, ನನ್ನನ್ನು ನೋಡಿದರು. ಗಣಿಯ ಸುದ್ದಿ ಅವರಿಗೂ ಗೊತ್ತಿತ್ತು. ಅವತ್ತೇ ಹೇಳಿದ್ದೆನಲ್ಲ ಎಂದು ಅನ್ನಲಿಲ್ಲ. ಆ ಕಾಗದಕ್ಕೆ ತಾರೀಖು ಹಾಕಿ ರುಜು ಮಾಡಿ, ಬೇಕಾದರೆ ಇಟ್ಟುಕೊಳ್ಳಿ ಎಂದು ನನ್ನ ಕೈಗೆ ಕೊಟ್ಟರು.

ಸೆಪ್ಟೆಂಬರ್ ೩೦, ಸೋಮವಾರ

ಆಯುಧಪೂಜೆ. ಆಫೀಸಿನಲ್ಲಿ ಎಲ್ಲ ಯಂತ್ರಗಳಿಗೂ ಕುಂಕುಮ ಇಟ್ಟರು. ಕಾರ್ಡಿನ ಡಬ್ಬಿಗೆ ನೀವೇ ಹೂವು ಇಡಿ ಎಂದರು. ತಲೆನೋವೆಂದು ಹೊರಟುಬಂದೆ.

ಮನೆಗೆ ಹೊರಟು, ಗಣಿಯ ಪಕ್ಕದ ಚಾಂಪಿಯನ್ ರೀಫ್ಸ್ ಸ್ಟೇಷನ್ನಿನಲ್ಲಿ ರೈಲು ಹತ್ತಿದಾಗ ಎದುರಿಗೆ ಒಬ್ಬ ಹೆಂಗಸು ಕೂತಿದ್ದರು. ಬಂಗಾರಪೇಟೆಯಲ್ಲಿರುವ ಮಗಳ ಮನೆಗೆ ಹೊರಟಿದ್ದರಂತೆ. ನೀವು ಆಪೀಸಿನಮ್ಮ ಅಲ್ಲವಾ ಎಂದು ಕೇಳಿ, ತಾವು ನರಸಮ್ಮ, ಅಳತೆಯ ದೊಡ್ಡವೆಂಕಟಪ್ಪನವರ ಹೆಂಡತಿ ಎಂದರು. ಇಳಿದುಹೋಗೋಣವೆಂದರೆ ರೈಲು ಹೊರಟಾಗಿತ್ತು.

ಜಗಳಕ್ಕೆ ಬಂದವರಲ್ಲ. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕಾಗಿತ್ತು, ಅಷ್ಟೆ. ಮೂವತ್ತೆರಡು ವರ್ಷ ಕೆಳಗಿಳಿದ ಮನುಷ್ಯ ಈಗ ಬಾಗಿಲ ಮುಂದೆ ಕೂತೇ ಇರುತ್ತಾರಂತೆ. ಲೈನಿನವರು ಮಾತಾಡಿಸುವುದಿಲ್ಲವಂತೆ, ಕದಿರಪ್ಪನ ಕಾಲು ತೆಗೆಸಿದವನು ಎಂದು.

“ಮುದ್ದೆ ಮುಂದಿಟ್ರೆ ಉಣ್ಣಕಿಲ್ಲ ಕಣಮ್ಮ. ಖಾಲಿ ಬಿಟ್ಟಿದ್ದೆ ಅಲ್ವೇನೇ ನರಸಿ, ನಂಗೇ ಮರ್ತೋಯ್ತಾ ಅಂತ ನನ್ನೇ ಕೇಳ್ತಾರೆ. ನಂಗೇನ್ ಗೊತ್ತು? ನಾನ್ ಕಂಡಿದ್ನಾ? ನೆನ್ನೆ ಅಂತಾರೆ, ಮಿಸನ್ನೇ ಏಳಿದ್ಮೇಲೆ ನಾನೇ ಬರ್ದಿರ್ಬೇಕು ಬಿಡು ಅಂತ.”

ಬಂಗಾರಪೇಟೆ ಬಂತು. ಇಳಿಯುವಾಗ ಅವರ ಗಂಟನ್ನು ಎತ್ತಿ ಕೊಟ್ಟೆ. ದೇವರು ಒಳ್ಳೆಯದು ಮಾಡಲಿ ಎಂದರು.

ಅಕ್ಟೋಬರ್ ೩, ಗುರುವಾರ

ಚೀಟಿಯನ್ನೂ ಕೋದಂಡಪ್ಪನವರು ರುಜು ಮಾಡಿದ ಕಾಗದವನ್ನೂ ಸಭಾಪತಿಯವರ ಮೇಜಿನ ಮೇಲಿಟ್ಟು, ಇದ್ದದ್ದನ್ನೆಲ್ಲ ಹೇಳಿದೆ. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

“ಸಿಗಲಿಲ್ಲ ಅಂತ ಹೇಳಿದ ಚೀಟಿ ಸಿಗದೇ ಇರಲಿ” ಎಂದರು. “ಆ ಮನುಷ್ಯನಿಗೆ ಮೇಲ್ಗಡೆ ಬೇರೆ ಕೆಲಸ ಕೊಡಿಸೋದು ನನಗೆ ಬಿಡಿ. ಇದು ಹೊರಗೆ ಬಂದ್ರೆ ಯಂತ್ರದ ಲೆಕ್ಕವೇ ಬೇಡ ಅಂತಾರೆ. ಆಗ ಐದು ದಿನದ ಲೆಕ್ಕ ಬರೋದ್ರೊಳಗೆ ಇನ್ನೆಷ್ಟು ಜನಕ್ಕೆ ಏಟಾಗುತ್ತೋ, ಯೋಚಿಸಿ.”

ಕೆಟ್ಟವರಲ್ಲ. ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಆದರೂ ಕೈ ಚಾಚಿ ಎರಡನ್ನೂ ವಾಪಸು ಕೇಳಿದೆ. ಕೊಡಲಾರರೆಂದು ಹೆದರಿದ್ದೆ. ಕೊಟ್ಟರು.

ಅಮ್ಮನಿಗೆ ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡು, “ಆವಯ್ಯನ ಮನೇಗೆ ಮೊದ್ಲು ಓಗಿದ್ದೆಯಾ, ಇಲ್ಲಾ ಆಪೀಸ್ಗಾ?” ಎಂದಳು. ಆಫೀಸಿಗೆ ಎಂದೆ. ಒಳಗೆ ಹೋದಳು.

ಅಕ್ಟೋಬರ್ ೫, ಶನಿವಾರ

ವಿಚಾರಣೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ದೊಡ್ಡವೆಂಕಟಪ್ಪನವರು ಕೂತಿದ್ದರು. ಒಗೆದ ಪಂಚೆ, ಮೇಲೊಂದು ಕೋಟು. ಪುಡಿಯಿಲ್ಲದ ಅವರ ಮುಖವನ್ನು ಇದುವರೆಗೆ ನೋಡಿಯೇ ಇರಲಿಲ್ಲ. ಒಳಗೆ ಹೋಗುವ ಮೊದಲು ಅವರ ಮುಂದೆ ನಿಂತು, ನೀವು ಖಾಲಿಯೇ ಬಿಟ್ಟಿದ್ದಿರಿ, ಚೀಟಿ ನನ್ನ ಹತ್ತಿರ ಇತ್ತು, ಎಂದೆ. ಅವರಿಗೆ ಕೂಡಲೇ ಅರ್ಥವಾಗಲಿಲ್ಲ. ಚೀಟಿ ತೋರಿಸಿದೆ. ತಮ್ಮ ಅಕ್ಷರದ ಮೇಲೆ ಬೆರಳಾಡಿಸಿದರು. ಕಣ್ಣಲ್ಲಿ ನೀರು ಬಂತು. “ಹಂಗಾರೆ ನಂಗೆ ಮರ್ತಿರ್ಲಿಲ್ಲ” ಎಂದರು, ಅಷ್ಟೇ.

ಒಳಗೆ ಕರಿಹಲಗೆ ತರಿಸಿ, ಗೆರೆ ಎಳೆದು, ನೆಗೆತ ಎಲ್ಲಿಂದ ಎಲ್ಲಿಗೆ, ಉತ್ತರ ಎಲ್ಲಿ ತಪ್ಪಿತು ಎಂದು ತೋರಿಸಿದೆ. ಮೂವರಲ್ಲಿ ಹಿರಿಯರು ಒಂದೇ ಪ್ರಶ್ನೆ ಕೇಳಿದರು, ಇದು ನಿಮಗೆ ತಿಳಿದದ್ದು ಯಾವತ್ತು? ಸೆಪ್ಟೆಂಬರ್ ಇಪ್ಪತ್ತನಾಲ್ಕು ಎಂದೆ. ಅಂದರೆ ಹನ್ನೊಂದು ದಿನ ಇಟ್ಟುಕೊಂಡಿದ್ದಿರಿ, ಎಂದರು. ಹೌದು ಎಂದೆ. ಅವರು ಅದನ್ನು ಬರೆದುಕೊಂಡರು.

ಅಕ್ಟೋಬರ್ ೧೯, ಶನಿವಾರ

ಆದೇಶ ಬಂತು. ದೊಡ್ಡವೆಂಕಟಪ್ಪನವರು ಸೋಮವಾರದಿಂದ ಕೆಲಸಕ್ಕೆ. ಪಟ್ಟಿಯನ್ನು ಪರೀಕ್ಷಿಸದೆ ಅಂಟಿಸಿದ್ದಕ್ಕೆ ಸಭಾಪತಿಯವರಿಗೆ ಎಚ್ಚರಿಕೆಯ ಪತ್ರ. ಡಿಸೆಂಬರಿನಲ್ಲಿ ನನ್ನ ಕೆಲಸ ಕಾಯಂ ಆಗುವುದಿಲ್ಲ. ಇನ್ನೊಂದು ವರ್ಷ ನೋಡುತ್ತಾರಂತೆ. ಪ್ರೋಗ್ರಾಂ ಹೊಸದಾಗಿ ಬರೆಯಬೇಕು, ಪ್ರತಿ ಸಾಲನ್ನೂ ಇನ್ನೊಬ್ಬರು ಓದಿ ರುಜು ಹಾಕಬೇಕು. ಓದುವವರು ಸಭಾಪತಿಯವರೇ. ಈಗ ಅವರು ಕೆಲಸದ ಮಾತು ಬಿಟ್ಟು ಬೇರೆ ಆಡುವುದಿಲ್ಲ.

ಅಕ್ಟೋಬರ್ ೨೭, ಭಾನುವಾರ

ಕದಿರಪ್ಪನವರನ್ನು ನೋಡಲು ಆಸ್ಪತ್ರೆಗೆ ಹೋದೆ. ಒಬ್ಬಳೇ ಹೋಗುವ ಧೈರ್ಯವಾಗದೆ ದೊಡ್ಡವೆಂಕಟಪ್ಪನವರನ್ನು ಕೇಳಿದ್ದೆ, ಬಂದರು. ಕದಿರಪ್ಪನವರಿಗೆ ಮೂವತ್ತೂ ಆಗಿಲ್ಲ. ಗೋಡೆಗೆ ಒರಗಿ ಕೂತಿದ್ದರು. ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ಅಲ್ಲಿ ನೋಡಬಾರದೆಂದುಕೊಂಡೇ ನೋಡಿದೆ.

ನಾನು ಯಾರು, ಏನು ಮಾಡಿದೆ ಎಂದು ಹೇಳಿದೆ. ಅರ್ಧದಲ್ಲಿ ಮಾತು ನಿಂತುಹೋಯಿತು. ದೊಡ್ಡವೆಂಕಟಪ್ಪನವರು ಮುಂದುವರಿಸಲು ಹೋದರು. ಬೇಡ, ನಾನೇ ಹೇಳುತ್ತೇನೆ ಎಂದು ಹೇಳಿ ಮುಗಿಸಿದೆ.

ಕದಿರಪ್ಪನವರು ಕೇಳಿದರು: “ನಮ್ ಜಾಗಕ್ಕೆ ಆ ಮಿಸನ್ನು ಏನಂತ ಏಳ್ತು?”

“ಏನೂ ಹೇಳಲಿಲ್ಲ. ಪಕ್ಕದ ಜಾಗದ ಉತ್ತರಾನೇ ಇನ್ನೊಂದು ಸಲ ಹೇಳ್ತು.”

“ಗೊತ್ತಿಲ್ಲ ಅಂತ ಏಳಾಕ್ ಬರ್ತಿರ್ಲಿಲ್ವಾ ಅದ್ಕೆ? ಅಷ್ಟಂದಿದ್ರೆ ನಾವ್ ಒಳಕ್ಕೇ ಓಗ್ತಿರ್ಲಿಲ್ಲ.”

“ನಾನು ಕಲಿಸಿರಲಿಲ್ಲ” ಎಂದೆ.

ಅವರು ನನ್ನನ್ನು ಕ್ಷಮಿಸಲಿಲ್ಲ. ಬೈಯಲೂ ಇಲ್ಲ. ಗೋಡೆಯ ಕಡೆ ತಿರುಗಿ, ನಿದ್ದೆ ಬತ್ತೈತೆ, ಓಗ್ಬನ್ನಿ, ಎಂದರು.

ನವೆಂಬರ್ ೯, ಶನಿವಾರ

ಹೊಸ ಪ್ರೋಗ್ರಾಂ ಓಡಿತು. ಮೊದಲಿನದಕ್ಕಿಂತ ಹತ್ತೊಂಬತ್ತು ಕಾರ್ಡು ಹೆಚ್ಚು. ಕೆಳಗಿಂದ ಮೇಲಕ್ಕೆ ನೆಗೆಯುವುದನ್ನು ಪೂರಾ ತೆಗೆದಿದ್ದೇನೆ. ತೀರಾ ಬೇಕಾದ ಎರಡು ಕಡೆ ಮಾತ್ರ ಗೋ ಟು ಉಳಿದಿದೆ, ಅದೂ ಮುಂದಕ್ಕೆ, ಕಣ್ಣಳತೆಯಲ್ಲೇ. ಫಂಕ್ಷನ್ನಿನ ಮೊದಲ ಸಾಲಿನಲ್ಲೇ, ಬೇರೆ ಏನನ್ನಾದರೂ ಮಾಡುವ ಮೊದಲೇ, ಉತ್ತರದ ಸ್ಥಳದಲ್ಲಿ ‘ಗೊತ್ತಿಲ್ಲ’ ಎಂಬ ಗುರುತು ಇಟ್ಟಿದ್ದೇನೆ. ಲೆಕ್ಕ ಪೂರ್ತಿಯಾದರೆ ಮಾತ್ರ ಅದು ಬದಲಾಗುತ್ತದೆ. ಖಾಲಿ ಕಾರ್ಡು, ಸೊನ್ನೆ, ಹೋದ ವಾರಕ್ಕಿಂತ ಹೆಚ್ಚಾದ ಅಂತರ, ತಲೆಕೆಳಗಾದ ಕಾರ್ಡು, ಎಲ್ಲ ಕೊಟ್ಟು ನೋಡಿದೆ. ಕೋದಂಡಪ್ಪನವರು ಬೆರಳಿಟ್ಟು ಮೇಲಿಂದ ಕೆಳಗಿನವರೆಗೆ ಓದಿ, ಹಾಳೆ ಮಡಚಿಕೊಟ್ಟರು.

ನವೆಂಬರ್ ೧೧, ಸೋಮವಾರ

ಪಟ್ಟಿಯಲ್ಲಿ ಎರಡು ಜಾಗಕ್ಕೆ ‘ಗೊತ್ತಿಲ್ಲ’ ಎಂದು ಬಂದಿತ್ತು: ಒಂಬತ್ತು, ಇಪ್ಪತ್ತಾರು. ಇದನ್ನು ಅಂಟಿಸಿದರೆ ಜನ ನಗುವುದಿಲ್ಲವೇ ಎಂದು ಸಭಾಪತಿಯವರು ಕೇಳಿದರು. ನಗಲಿ ಎಂದೆ. ರುಜು ಹಾಕಿದರು. ಯಾರಾದರೂ ಹೋಗಿ ನೋಡಿ ಬರುವವರೆಗೆ ಆ ಎರಡು ಜಾಗಕ್ಕೆ ಆಳು ಇಳಿಸುವಂತಿಲ್ಲ ಎಂದು ಕೆಳಗೆ ತಾವೇ ಬರೆದರು.

ನೋಡಲು ದೊಡ್ಡವೆಂಕಟಪ್ಪನವರು ಇಳಿದರು. ಹೆಂಗಸರು ಕೆಳಗಿಳಿಯಲು ಕಾನೂನು ಬಿಡುವುದಿಲ್ಲ. ಕಿಟಕಿಯ ಒಳಗೆ ಕೂರಲಾಗದೆ ಪೆನ್ಸಿಲ್ಲು ಪುಸ್ತಕ ಹಿಡಿದು ಶಾಫ್ಟಿನ ಹತ್ತಿರ ಹೋಗಿ ನಿಂತೆ. ಎರಡೂವರೆ ಗಂಟೆಯಾಯಿತು. ಬಿಸಿಲು ಏರಿತು. ಹಗ್ಗ ಸುತ್ತಿಕೊಳ್ಳುವ ಸದ್ದಾದಾಗಲೆಲ್ಲ ಒಂದು ಹೆಜ್ಜೆ ಮುಂದೆ ಹೋಗುತ್ತಿದ್ದೆ.

ತೊಟ್ಟಿಲು ಬಂತು. ಒಂಬತ್ತರಲ್ಲಿ ತೊಂದರೆಯಿಲ್ಲ, ಮೊಳೆಗೆ ಕೆಸರು ಮೆತ್ತಿಕೊಂಡಿತ್ತು, ಒರೆಸಿ ಅಳೆದಿದ್ದೇನೆ, ಎಂದರು. ಬರೆದುಕೊಂಡೆ. ಇಪ್ಪತ್ತಾರು ಎಂದೆ. ಅವರು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಅಲ್ಲಿಗೆ ಯಾರ್ನೂ ಬಿಡ್ಬ್ಯಾಡಿ ತಾಯಿ.”

ಅದನ್ನೂ ಬರೆದುಕೊಂಡೆ. ಅಲ್ಲಿ ಯಾರು ಯಾರು ಕೆಲಸ ಮಾಡುತ್ತಾರೆ, ಹೆಸರು ಹೇಳಿ ಎಂದು ಕೇಳಿದೆ. ಅವರು ಒಂದೊಂದಾಗಿ ಹೇಳಿದರು. ಪಟ್ಟಿಯಲ್ಲಿ ಹೆಸರಿಗೆ ಜಾಗವಿಲ್ಲ, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಏಳುಮಲೈ. ಚಿಕ್ಕವೆಂಕಟಪ್ಪ. ಇಬ್ಬರು ಮುನಿನಾರಾಯಣಪ್ಪಂದಿರು, ಒಬ್ಬರು ನಂದಿದುರ್ಗ ಗಣಿಯ ಲೈನಿನವರು, ಇನ್ನೊಬ್ಬರು ಯಾವ ಊರಿನವರೋ ನಾಳೆ ಕೇಳಬೇಕು.